ಅಪೊಲೋನಿಯಾ ಬಾಯಮ್ಮನ ಆಮೆನ್

ಚರ್ಚಿನಲ್ಲಿ ಭಾನುವಾರ ಏಳೂವರೆಯ ಪೂಜೆ. ಪರಮ ಪ್ರಸಾದ ಸ್ವೀಕರಿಸಲು ಇಗರ್ಜಿಯಲ್ಲಿ ಬೆಂಚಿಗೆ ಬೆಂಚೇ ಎದ್ದು ಸಾಲಾಗಿ ಹೊರಟಿತು. ಕುಲಶೇಖರದ ಅಪೊಲೋನಿಯಾ ಮಾತ್ರ ಏಳಲಿಲ್ಲ. ಮೊಣಕಾಲು ಒಂದು ಬದಿಗೆ ತಿರುಗಿಸಿ ಉಳಿದವರಿಗೆ ದಾರಿ ಬಿಟ್ಟಳು. ಮಗಳು ಗ್ಲೆನಿಟಾ ಕೂಡ ಅವಳನ್ನು ದಾಟಿಕೊಂಡೇ ಹೋದಳು.

ಇದು ನಾಲ್ಕನೆಯ ಭಾನುವಾರ. ಪ್ರಸಾದಕ್ಕೆ ಹೋಗದವರು ದೊಡ್ಡದೊಂದು ಪಾಪ ಮಾಡಿರಲೇಬೇಕು ಎಂಬುದು ನೆರೆಕರೆಯವರ ನಂಬಿಕೆ. ಮೊದಲ ವಾರ ಅವರು, "ಹುಷಾರಿಲ್ಲವೋ ಏನೋ" ಎಂದರು. ಎರಡನೆಯ ವಾರ ಒಂದು ಪಾಪ ಊಹಿಸಿದರು. ಮೂರನೆಯ ವಾರ ಆ ಪಾಪಕ್ಕೊಬ್ಬ ಜೊತೆಗಾರನನ್ನೂ ಹುಡುಕಿಕೊಟ್ಟರು. ಗಂಡ ಯೂಸ್ಟೇಸ್ ಕುವೈತಿನಲ್ಲಿರುವಾಗ ಊಹೆಗೇನು ಬರ?

ನಿಜವಾದ ಕಾರಣ ಅಪೊಲೋನಿಯಾಳ ಕರವಸ್ತ್ರದ ಹಿಂದೆ ಇತ್ತು. ಎರಡು ತಿಂಗಳಿಂದ ಅವಳ ವಸಡಿನಲ್ಲಿ ರಕ್ತ. ಕೆನ್ನೆಯ ಒಳಗೆ ಹುಣ್ಣು. ತನಗೇ ಹೇಸಿಗೆಯಾಗುವಂಥ ಬಾಯಿ ವಾಸನೆ. ಪ್ರಸಾದ ಕೊಡುವ ಫಾದರ್ ಮುಖದಿಂದ ಗೇಣು ದೂರದಲ್ಲಿ ನಿಂತು, ಬಾಯಿ ತೆರೆದು "ಆಮೆನ್" ಎನ್ನಬೇಕು. ಆ ಎರಡೂವರೆ ಅಕ್ಷರಕ್ಕೆ ಅವಳಿಗೆ ಧೈರ್ಯ ಸಾಲಲಿಲ್ಲ.

ಹಿಂದೆ ಆ ಬಾಯಿ ಸುಮ್ಮನಿದ್ದದ್ದೇ ಇಲ್ಲ. ಮೀನು ಮಾರುವ ಮಮ್ಮು "ಬಂಗುಡೇಏಏ" ಎಂದು ಕೂಗುವುದನ್ನು ಅವಳು ಅಡುಗೆಮನೆಯಿಂದ ಅಣಕಿಸಿದರೆ, ಪಕ್ಕದ ಮನೆಯವರು ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರು. ಈಗ ಮಮ್ಮುವಿನ ಹತ್ತಿರ ಕೈಸನ್ನೆಯಲ್ಲೇ ವ್ಯಾಪಾರ.

ಆ ದಿನ ಮನೆಗೆ ಬಂದ ಗ್ಲೆನಿಟಾ ಚಪ್ಪಲಿ ಬಿಡುವ ಮೊದಲೇ ಕೇಳಿದಳು. ಹತ್ತನೆಯ ತರಗತಿಯ ಹುಡುಗಿ. ಕಣ್ಣು ಕೆಂಪಾಗಿತ್ತು.

"ಮಮ್ಮಿ, 'ನಿನ್ನ ಮಮ್ಮಿ ಎಂತ ಮಾಡಿದ್ದಾಳೆ?' ಅಂತ ನೆರೆಮನೆಯ ಮೆರ್ಲಿನ್ ಆಂಟಿ ಎಲ್ಲರ ಎದುರು ನನ್ನನ್ನು ಕೇಳಿದ್ರು. ನೀನು ಎಂತ ಮಾಡಿದ್ದೀ?"

ಅಪೊಲೋನಿಯಾ ಕರವಸ್ತ್ರವನ್ನು ಇನ್ನಷ್ಟು ಒತ್ತಿ ಹಿಡಿದಳು. ಉತ್ತರ ಹೇಳಬೇಕಾದರೂ ಬಾಯಿ ತೆರೆಯಬೇಕಲ್ಲ!

"ಇನ್ನು ನಾನು ನಿನ್ನೊಟ್ಟಿಗೆ ಪೂಜೆಗೆ ಬರುದಿಲ್ಲ," ಎಂದು ಹುಡುಗಿ ಕೋಣೆ ಸೇರಿದಳು.

ಮರುದಿನ ಸಂಜೆ ಆಶಾ ಕಾರ್ಯಕರ್ತೆ ನಳಿನಾಕ್ಷಿ ಬಂದಳು.

"ಬಾಯಮ್ಮ ಇದ್ದೀರಾ?"

ನಮ್ಮೂರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಹಾಗೆ. ಆ ಬಾಯಮ್ಮ ಬಾಯಿ ಮುಚ್ಚಿಕೊಂಡೇ ಬಾಗಿಲು ತೆರೆದಳು.

"ಎಂತದು, ನಿಮ್ಮ ಮನೆಯಲ್ಲಿ ಈಗಲೂ ಕೊರೊನಾ ಉಂಟಾ? ಕೈ ತೆಗೀರಿ, ನೋಡುವ."

ನಳಿನಾಕ್ಷಿ ಮೊಬೈಲಿನ ಟಾರ್ಚ್ ಹಾಕಿ ನೋಡಿದಳು. ಮೂಗು ಮುಚ್ಚಿಕೊಳ್ಳಲಿಲ್ಲ. ಅಷ್ಟಕ್ಕೇ ಅಪೊಲೋನಿಯಾಳ ಕಣ್ಣು ತುಂಬಿತು.

"ಬ್ರಶ್ ಮಾಡುದಿಲ್ವಾ ನೀವು?"

"ರಕ್ತ ಬರ್ತದಲ್ಲ, ಅದಕ್ಕೆ ಬಿಟ್ಟೆ. ಬೆರಳಲ್ಲಿ ಉಪ್ಪು ತಿಕ್ಕುತ್ತೇನೆ. ಹೊರಗೆ ಹೋಗುವಾಗ ಒಂದು ಲವಂಗ."

"ರಕ್ತ ಬರ್ತದೆ ಅಂತ ಬ್ರಶ್ ಬಿಟ್ರೆ ಕೊಳೆ ಜಾಸ್ತಿ ಆಗ್ತದೆ, ರಕ್ತವೂ ಜಾಸ್ತಿ ಆಗ್ತದೆ. ಶುರುವಾಗಿ ಎಷ್ಟು ಸಮಯ ಆಯ್ತು?"

"ಎರಡು ತಿಂಗಳು."

"ಎರಡು ತಿಂಗಳ ಹಿಂದೆ ಮನೆಯಲ್ಲಿ ಎಂತ ಆಯ್ತು?"

"ಎಂತ ಇಲ್ಲ."

"ನಿದ್ರೆ ಬರ್ತದಾ?"

ಅಪೊಲೋನಿಯಾ ದನಿ ತಗ್ಗಿಸಿದಳು.

"ಅವರ ಕಂಪೆನಿ ಮುಚ್ಚಿದೆ ನಳಿನಕ್ಕ. ಪಾಸ್‌ಪೋರ್ಟ್ ಕಂಪೆನಿಯವರ ಹತ್ತಿರ ಉಂಟು, ಕೊಡುದಿಲ್ಲ. ವಾರಕ್ಕೊಮ್ಮೆ ಯಾರದ್ದೋ ಫೋನಿಂದ ಮಾತಾಡ್ತಾರೆ. ರಜೆ ಸಿಗ್ಲಿಲ್ಲ ಅಂತ ನಾನು ಎಲ್ಲರಿಗೂ ಸುಳ್ಳು ಹೇಳಿದ್ದೇನೆ. ಮಗಳಿಗೂ."

ಕೋಣೆಯ ಬಾಗಿಲಲ್ಲಿ ಗ್ಲೆನಿಟಾ ನಿಂತಿದ್ದಳು.

"ಹಾಗಾದ್ರೆ ನಿಮ್ಮ ವಸಡು ಹೀಗಾಗ್ಲಿಕ್ಕೆ ಆ ಚಿಂತೆಯೂ ಒಂದು ಕಾರಣ," ಎಂದಳು ನಳಿನಾಕ್ಷಿ.

"ಜೆಜು, ದೇವರೇ! ಅವರು ಇರುವುದು ಕುವೈತಲ್ಲಿ, ವಸಡು ಇರುವುದು ಇಲ್ಲಿ. ಅದಕ್ಕೂ ಇದಕ್ಕೂ ಎಂತ ಸಂಬಂಧ ಮಾರಾಯ್ತಿ?"

"ದಸರಾ ಮೆರವಣಿಗೆ ದಿನ ಪೊಲೀಸರನ್ನೆಲ್ಲ ಬಂದೋಬಸ್ತಿಗೆ ಕಳಿಸಿದ್ರೆ ಹಂಪನಕಟ್ಟೆ ಸಿಗ್ನಲ್ಲಲ್ಲಿ ಎಂತ ಆಗ್ತದೆ?"

"ಸಿಟಿ ಬಸ್ಸಿನವರದ್ದೇ ರಾಜ್ಯ."

"ಹಾಂ. ಕೀಟಾಣು ಎಲ್ಲರ ಬಾಯಲ್ಲೂ ಉಂಟು. ಮೈಯ ರೋಗ ನಿರೋಧಕ ಶಕ್ತಿ ಅವನ್ನು ಹದ್ದುಬಸ್ತಿನಲ್ಲಿ ಇಡ್ತದೆ. ಚಿಂತೆ ತಿಂಗಳುಗಟ್ಟಲೆ ಮುಂದುವರಿದ್ರೆ ಆ ಶಕ್ತಿ ಕುಗ್ಗುತ್ತದೆ. ಎಂಜಲು ಕಡಿಮೆಯಾಗಿ ಬಾಯಿ ಒಣಗ್ತದೆ. ಅದರ ಮೇಲೆ ನೀವು ಬ್ರಶ್ಶೂ ಬಿಟ್ರಿ. ಮತ್ತೆ ಕೀಟಾಣುಗಳಿಗೆ ಯಾರ ಹೆದರಿಕೆ? ವಸಡು ಊದ್ತದೆ, ಹುಣ್ಣು ಬೇಗ ಮಾಯುದಿಲ್ಲ."

"ಹಲ್ಲು ಕ್ಲೀನ್ ಮಾಡಿಸಿದ್ರೆ ಸಡಿಲ ಆಗ್ತದಂತಲ್ಲ?"

"ಸಡಿಲ ಮಾಡುವುದು ಕಲ್ಲಿನ ಹಾಗೆ ಕಟ್ಟಿಕೊಂಡ ಕೊಳೆ, ಡಾಕ್ಟರಲ್ಲ. ನಾಳೆ ನನ್ನೊಟ್ಟಿಗೆ ಆಸ್ಪತ್ರೆಗೆ ಬನ್ನಿ."

"ನಾನೂ ಬರ್ತೇನೆ," ಎಂದಳು ಗ್ಲೆನಿಟಾ. ತಾಯಿಯ ಮುಖ ನೋಡಲು ಅವಳಿಗೂ ಆಗುತ್ತಿರಲಿಲ್ಲ. "ಮಮ್ಮಿ, ನಿನ್ನೆ ನಾನು..."

"ನೀನು ಕೇಳಿದ್ದರಲ್ಲಿ ತಪ್ಪಿಲ್ಲ. ಹೇಳದೆ ಇದ್ದದ್ದು ನಾನು."

ಆಸ್ಪತ್ರೆಯ ದಂತವೈದ್ಯೆ ಚೀಟಿಯ ಮೇಲಿನ ಹೆಸರು ಓದಿದರು. "ಹಲ್ಲುನೋವಿನವರು ಬೇಡಿಕೊಳ್ಳುವುದು ಸಂತ ಅಪೊಲೋನಿಯಾಳನ್ನೇ ಅಲ್ವಾ?" ಆ ಹೆಸರಿಟ್ಟುಕೊಂಡವಳಿಗೆ ಕುರ್ಚಿಯಡಿಗೆ ಇಳಿಯುವಷ್ಟು ನಾಚಿಕೆಯಾಯಿತು. ವೈದ್ಯೆ ಹಲ್ಲಿನ ಕೊಳೆ ತೆಗೆದರು. ಸಕ್ಕರೆ ಕಾಯಿಲೆಯಿಂದಲೂ ವಸಡು ಕೆಡುತ್ತದೆಂದು ರಕ್ತ ಪರೀಕ್ಷೆ ಮಾಡಿಸಿದರು, ಕಾಯಿಲೆ ಇರಲಿಲ್ಲ. ಮೃದುವಾದ ಬ್ರಶ್ಶಿನಲ್ಲಿ ದಿನಕ್ಕೆರಡು ಸಲ ಹಲ್ಲುಜ್ಜಲು ಹೇಳಿದರು. "ಎರಡು ವಾರದಲ್ಲಿ ಮಾಯದ ಹುಣ್ಣನ್ನು ತೋರಿಸಲೇಬೇಕು. ನಾಚಿಕೆಯಿಂದ ಇಷ್ಟು ದಿನ ಕಳೆದಿರಲ್ಲ!" ಎಂದು ಗದರಿಸಿಯೂ ಬಿಟ್ಟರು.

ಆ ವಾರ ಅಪೊಲೋನಿಯಾ ಇನ್ನೊಂದು ಕೆಲಸ ಮಾಡಿದಳು. ಮೆರ್ಲಿನ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು.

"ನನ್ನ ಗಂಡನೂ ಕುವೈತಲ್ಲೇ ಇರುವುದಲ್ವಾ? ಅವರಿಗೆ ಎಂಬಸಿಯಲ್ಲಿ ಗುರ್ತದವರು ಇದ್ದಾರೆ. ಮೊದಲೇ ಯಾಕೆ ಹೇಳ್ಲಿಲ್ಲ?" ಎಂದಳು ಮೆರ್ಲಿನ್. ಅಷ್ಟರಲ್ಲಿ ತಾನು ಊರಿಡೀ ಏನೇನು ಹೇಳಿಕೊಂಡು ತಿರುಗಿದ್ದೆ ಎಂಬುದು ನೆನಪಾಯಿತು. ಚಹಾ ತರುವ ನೆಪದಲ್ಲಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಯೂಸ್ಟೇಸ್ ಇನ್ನೂ ಊರು ಮುಟ್ಟಿಲ್ಲ. ಮೆರ್ಲಿನ್ ಗಂಡನ ಮೂಲಕ ಅವನ ಅರ್ಜಿ ಎಂಬಸಿಗೆ ತಲುಪಿದೆ. ಅಪೊಲೋನಿಯಾಳ ಕಣ್ಣಿಗೆ ಅಷ್ಟಿಷ್ಟು ನಿದ್ರೆ ಹತ್ತುತ್ತಿದೆ. ವಸಡಿನ ರಕ್ತ ನಿಂತಿದೆ, ಹುಣ್ಣು ವಾಸಿಯಾಗಿದೆ.

ಮೂರು ವಾರದ ನಂತರದ ಭಾನುವಾರ ಬೆಂಚಿನವರು ಎದ್ದಾಗ ಅವಳ ಮೊಣಕಾಲು ಅಭ್ಯಾಸಬಲದಿಂದ ಒಂದು ಬದಿಗೆ ತಿರುಗಿತು. ಹಿಂದಿನಿಂದ ಗ್ಲೆನಿಟಾ ಮೆಲ್ಲನೆ ಬೆನ್ನಿಗೆ ಕೈಯಿಟ್ಟಳು. ಅಪೊಲೋನಿಯಾ ಎದ್ದಳು, ಸಾಲು ಸೇರಿದಳು, ಫಾದರ್ ಎದುರು ನಿಂತಳು. ಕರವಸ್ತ್ರ ಬ್ಯಾಗಿನೊಳಗೇ ಇತ್ತು.

"ಆಮೆನ್!"

ಕೊನೆಯ ಬೆಂಚಿನವರೂ ತಲೆ ಎತ್ತಿ ನೋಡಿದರು.

ಓದಿದ ಅಕ್ಕಂದಿರೇ, ಅಣ್ಣಂದಿರೇ, ಕೈ ಅಡ್ಡ ಹಿಡಿದು ಮಾತಾಡುವವರು ನಿಮ್ಮ ಮನೆಯಲ್ಲೂ ಇರಬಹುದು. ಅದು ನೀವೇ ಇರಬಹುದು. ವಸಡಿನಲ್ಲಿ ರಕ್ತ ಬರುವುದು ಪಾಪವೂ ಅಲ್ಲ, ಅವಮಾನವೂ ಅಲ್ಲ. ಅದಕ್ಕೆ ಚಿಕಿತ್ಸೆ ಉಂಟು. ಬ್ರಶ್ ಬಿಡಬೇಡಿ, ಹುಣ್ಣು ಮುಚ್ಚಿಡಬೇಡಿ, ಚಿಂತೆಯನ್ನು ಒಬ್ಬರೇ ಹೊರಬೇಡಿ. ಇವತ್ತೇ ಕನ್ನಡಿಯ ಎದುರು ಬಾಯಿ ತೆರೆದು ನೋಡಿ. ನಾಳೆ ದಂತವೈದ್ಯರ ಎದುರು ತೆರೆಯಿರಿ. ಮನಸ್ಸು ಭಾರವಾಗಿದ್ದರೆ, ನಂಬುವ ಒಬ್ಬರ ಎದುರಾದರೂ ಬಾಯಿ ಬಿಡಿ.