ದುಡಿಯುವ ಕೈ

ಈರುಳ್ಳಿ ಎಡಗಡೆಯಿಂದ ಹಾರಿಬಂತು. ಎಡಚನ ಎಡಗೈ ತಾನಾಗಿಯೇ ಮೇಲೆದ್ದಿತು. ಬ್ಯಾಂಡೇಜಿನ ಉಂಡೆಗೆ ಬಡಿದ ಈರುಳ್ಳಿ ನೆಲಕ್ಕೆ ಬಿದ್ದು ಮಂಚದ ಅಡಿಗೆ ಉರುಳಿಹೋಯಿತು. ನೋವು ಮೊಣಕೈವರೆಗೆ ಹತ್ತಿತು. ಅವನು ಹಲ್ಲು ಕಚ್ಚಿಕೊಂಡು ಕುಳಿತ.

"ಮತ್ತೆ ಅದೇ ಕೈ ಎತ್ತಿದೆ ನೋಡು," ಎಂದಳು ಮಗಳು. "ಡಾಕ್ಟ್ರ ಮುಂದೆ ಹೀಗೆ ಮಾಡಿದ್ರೆ ಮುಗೀತು ಕಥೆ."

"ನಾನೆಲ್ಲಿ ಎತ್ತಿದೆ? ಅದೇ ಏಳುತ್ತೆ."

"ಏಳದ ಹಾಗೆ ತೊಡೆ ಕೆಳಗೆ ಇಟ್ಕೋ. ಇನ್ನೊಂದ್ಸಲ."

ಅವಳು ಮಂಚದ ಕೆಳಗೆ ತೂರಿ ಈರುಳ್ಳಿ ಹುಡುಕಿ ತಂದಳು. ಒಲೆಯ ಮುಂದಿದ್ದ ಹೆಂಡತಿ ತಿರುಗಿ ನೋಡದೆ, "ಅಡುಗೆಗೆ ಒಂದಾದ್ರೂ ಜಜ್ಜದೆ ಉಳಿಸ್ರಪ್ಪ," ಎಂದಳು. ನಗಿಸಲು ಹೇಳಿದ ಮಾತು. ಯಾರೂ ನಗಲಿಲ್ಲ.

ಹುಟ್ಟಾ ಎಡಚನೊಬ್ಬ ನಲವತ್ತಾರನೆಯ ವಯಸ್ಸಿನಲ್ಲಿ ಬಲಗೈಯವನಾಗಲು ಹೊರಟಿದ್ದ. ಅದಕ್ಕೆ ಸಿಕ್ಕಿದ್ದು ಹನ್ನೆರಡೇ ದಿನ. ಇದರ ಬೇರು ಹನ್ನೊಂದು ವರ್ಷದ ಹಿಂದೆ ಅವನು ಹಾಕಿದ ಒಂದು ಗೀಟಿನಲ್ಲಿತ್ತು.

ಅವನು ಕೆಲಸ ಮಾಡುತ್ತಿದ್ದುದು ಡಬ್ಬದ ಮುಚ್ಚಳ ತಯಾರಿಸುವ ಕಾರ್ಖಾನೆಯಲ್ಲಿ. ಒಂದು ಕೈಯಲ್ಲಿ ತಗಡು ಒಳಗಿಡಬೇಕು, ಕಾಲಲ್ಲಿ ಪೆಡಲ್ ಒತ್ತಬೇಕು, ಪ್ರೆಸ್ಸಿನ ತಲೆ ಇಳಿದು ಮುಚ್ಚಳ ಕತ್ತರಿಸುತ್ತದೆ. ತಲೆ ಇಳಿಯುವ ಮೊದಲು ಒಂದು ಕಬ್ಬಿಣದ ತೋಳು ಅಡ್ಡಬಂದು ಕೆಲಸಗಾರನ ಕೈಯನ್ನು ಆಚೆಗೆ ತಳ್ಳುತ್ತದೆ. ಆ ತೋಳು ಇರುವುದು ಬಲಗಡೆ ಮಾತ್ರ. ಮೆಷಿನ್ ಮಾಡಿದವರ ಲೆಕ್ಕದಲ್ಲಿ ಲೋಕಕ್ಕೆಲ್ಲ ಬಲಗೈ ಒಂದೇ. ಆದ್ದರಿಂದ ಕೆಲಸಕ್ಕೆ ಸೇರುವವರ ಫಾರಂನಲ್ಲಿ 'ದುಡಿಯುವ ಕೈ: ಎಡ, ಬಲ' ಎಂಬ ಸಾಲಿತ್ತು. ಎಡ ಎಂದವರನ್ನು ಪ್ಯಾಕಿಂಗಿಗೆ ಕಳಿಸುತ್ತಿದ್ದರು. ಪ್ಯಾಕಿಂಗಿನಲ್ಲಿ ಅರ್ಧ ಕೂಲಿ.

"ಬಲ ಅನ್ನೋದ್ರ ಕೆಳಗೆ ಗೀಟು ಎಳಿ," ಎಂದಿದ್ದ ಫೋರ್‌ಮನ್ ಅಂದು. "ಯಾವನು ಬಂದು ನೋಡ್ತಾನೆ? ನಿಂಗೆ ಮಗು ಬೇರೆ ಇದೆ."

ಗೀಟು ಎಳೆದ. ವಾರದೊಳಗೆ ಇಡೀ ಶೆಡ್ಡು ಅವನನ್ನು ಎಡಚ ಎಂದು ಕರೆಯತೊಡಗಿತು. ಹೆಸರು ಎಷ್ಟು ಅಂಟಿಕೊಂಡಿತೆಂದರೆ ಮ್ಯಾನೇಜರೂ "ಆ ಎಡಚನ್ನ ಕರೀರಿ" ಎನ್ನುತ್ತಿದ್ದ. ಎಡಗೈಯಲ್ಲಿ ಅವನು ತಗಡು ಇಡುವ ವೇಗಕ್ಕೆ ಪಕ್ಕದ ಮೆಷಿನ್ನಿನವರು ನಿಂತು ನೋಡುತ್ತಿದ್ದರು. ಅವನು ಎಡಚನೆಂಬುದು ಗೊತ್ತಿಲ್ಲದಿದ್ದುದು ಕಾಗದಕ್ಕೆ ಮಾತ್ರ. ಹೋದ ತಿಂಗಳು, ಊಟದ ಗಂಟೆಗೆ ಇನ್ನು ಹತ್ತು ನಿಮಿಷ ಇದೆ ಅನ್ನುವಾಗ, ಕಬ್ಬಿಣದ ತೋಳು ಬಂದು ಅಲ್ಲಿಲ್ಲದ ಬಲಗೈಯನ್ನು ತಳ್ಳಿತು. ಪ್ರೆಸ್ಸು ಎಡಗೈಯ ಮೇಲೆ ಇಳಿಯಿತು. ಹೆಬ್ಬೆರಳೊಂದೇ ಉಳಿಯಿತು.

ವಿಮಾ ಕಚೇರಿಯ ಗುಮಾಸ್ತ ಕೆಟ್ಟವನಲ್ಲ. ಕುರ್ಚಿ ಎಳೆದು ಕೂರಿಸಿ ಎಲ್ಲ ಬಿಡಿಸಿ ಹೇಳಿದ. ಅವನ ಹಿಂದಿನ ಗೋಡೆಯಲ್ಲಿ ಮನುಷ್ಯನ ದೇಹದ ಚಿತ್ರ. ಒಂದೊಂದು ಅಂಗದಿಂದಲೂ ಗೆರೆ ಎಳೆದು ತುದಿಯಲ್ಲಿ ಅಂಕಿ ಬರೆದಿತ್ತು. ಮಾಂಸದಂಗಡಿಯಲ್ಲಿ ಹಾಕಿರುವ ಪಟದ ಹಾಗೆಯೇ ಇತ್ತು.

"ಕಳೆದ ಆರು ತಿಂಗಳ ಕೂಲಿ ಕೂಡಿಸಿ ಆರರಿಂದ ಭಾಗಿಸ್ಬೇಕು. ನಿಮ್ದು ಹದಿನೆಂಟು ಸಾವಿರ ಬರುತ್ತೆ. ಅದ್ರಲ್ಲಿ ಕೈಗೆಷ್ಟೋ ಅಷ್ಟು ಪರ್ಸೆಂಟು, ತಿಂಗಳು ತಿಂಗಳು, ಜೀವ ಇರೋವರೆಗೆ. ನಾಲ್ಕು ಬೆರಳು ದುಡಿಯೋ ಕೈದಾದ್ರೆ ಅರವತ್ತು. ಇನ್ನೊಂದು ಕೈದಾದ್ರೆ ಮೂವತ್ತರಿಂದ ನಲವತ್ತು. ಎಷ್ಟು ಅಂತ ಡಾಕ್ಟ್ರು ಬರೀತಾರೆ. ಸಾಮಾನ್ಯವಾಗಿ ನಲವತ್ತೇ." ಕಡತ ತಿರುವಿ ನೋಡಿದ. "ನಿಮ್ದು ದುಡಿಯೋ ಕೈ ಬಲ ಅಂತಿದೆ. ಪುಣ್ಯ ಮಾಡಿದ್ರಿ, ಅದಕ್ಕೇನೂ ಆಗಿಲ್ಲ."

ಎಡಚ ಬಾಯಿ ತೆರೆದ. ಪಕ್ಕದಲ್ಲಿ ಕುಳಿತಿದ್ದ ಫೋರ್‌ಮನ್ ಮೇಜಿನ ಕೆಳಗೆ ಅವನ ಕಾಲು ತುಳಿದ.

ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತು ಫೋರ್‌ಮನ್ ತಗ್ಗಿದ ದನಿಯಲ್ಲಿ ಹೇಳಿದ. "ಎಡ ಅಂದ್ಯೋ, ಸುಳ್ಳು ಬರ್ಕೊಟ್ಟಿದ್ದೀಯ ಅಂತ ಪೂರ್ತಿ ಸೊನ್ನೆ ಮಾಡ್ತಾರೆ. ಫಾರಂನ ಹಿಂದೇನೇ ಅಚ್ಚಾಗಿದೆ, ಓದ್ಕೋ. ನಂಗೂ ರಿಟೈರ್ ಆಗೋಕೆ ಎರಡು ವರ್ಷ ಇದೆ ಕಣೋ. ತಗಡು ಸಿಕ್ಕಿಹಾಕ್ಕೊಂಡಿತ್ತು, ಎಡಗೈಲಿ ಎಳೆಯೋಕೆ ಹೋದೆ ಅನ್ನು. ನಾನೂ ಅದನ್ನೇ ಅಂತೀನಿ."

ಅತ್ತ ದರಿ, ಇತ್ತ ಪುಲಿ. ನ್ಯಾಯವಾಗಿ ಬರಬೇಕಾದದ್ದು ಅರವತ್ತು, ನಿಜ ಹೇಳಿದರೆ ಸೊನ್ನೆ, ಸುಳ್ಳು ಹೇಳಿದರೆ ನಲವತ್ತು. ಸಂಜೆ ಮಗಳು ಹಳೆಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದಳು. ನಲವತ್ತಕ್ಕೆ ಏಳು ಸಾವಿರದ ಇನ್ನೂರು. ಹೆಂಡತಿಯ ಹೊಲಿಗೆಯದೂ ಸೇರಿದರೆ ಬಾಡಿಗೆ, ಊಟ, ಔಷಧಿ ಕಳೆದು ತಿಂಗಳಿಗೆ ಸಾವಿರದ ಎಂಟುನೂರು ಮಿಗುತ್ತಿತ್ತು. ಅವಳ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಇನ್ನೊಂದು ವರ್ಷ ಬಾಕಿ, ಫೀಸನ್ನು ಕಂತಿನಲ್ಲಿ ಕಟ್ಟಬಹುದು. ತಿಂಗಳ ಕಂತು ಸಾವಿರದ ಏಳುನೂರೈವತ್ತು.

"ಐವತ್ತು ಉಳೀತು," ಎಂದಳು. ಬರೆಯುತ್ತಿದ್ದುದು ಎಡಗೈಯಲ್ಲಿ.

ಆ ಕೈಯೂ ಅವನದೇ ಬಳುವಳಿ. ಅವನಿಗೆ ಶಾಲೆಯಲ್ಲಿ ಬಲಗೈ ಬರವಣಿಗೆ ಕಲಿಸಿದ್ದು ಬೆತ್ತ. ಇಂದಿಗೂ ಅವನಿಗೆ ಬಲಗೈಯಲ್ಲಿ ಬರುವುದು ಆ ಬರವಣಿಗೆಯೊಂದೇ. ಮಗಳ ಟೀಚರ್ ಬೆತ್ತ ಹಿಡಿದಾಗ ಅವನು ಅರ್ಧ ದಿನದ ಕೂಲಿ ಬಿಟ್ಟು ಶಾಲೆಗೆ ಹೋಗಿದ್ದ. ಓದಿದವರೆದುರು ಜೋರಾಗಿ ಮಾತಾಡಿದ್ದು ಜೀವನದಲ್ಲಿ ಅದೊಂದೇ ಸಲ. "ನನ್ನ ಮಗಳು ಎಡಗೈಲೇ ಬರೀತಾಳೆ. ಆ ಕೈ ಮುಟ್ಟಬೇಡಿ," ಎಂದಿದ್ದ. ಈ ಕಥೆಯನ್ನು ಹೆಂಡತಿ ನೆಂಟರಿಷ್ಟರಿಗೆಲ್ಲ ಹೇಳಿ ಸವೆಸಿದ್ದಳು.

ದುಡಿಯುವ ಕೈ ಯಾವುದೆಂದು ತಿಳಿಯಲು ಡಾಕ್ಟರು ಮಾತಿನ ನಡುವೆ ಏನಾದರೂ ಎಸೆದು ಪರೀಕ್ಷೆ ಮಾಡುತ್ತಾರೆಂದು ಮೊದಲು ಹೋಗಿಬಂದವರು ಹೇಳಿದ್ದರು. ಅದಕ್ಕೇ ಈರುಳ್ಳಿ. ಅಂಗಿಯ ಗುಂಡಿ, ಬಾಗಿಲ ಚಿಲಕ, ಬಾಚಣಿಗೆ, ಎಲ್ಲವೂ ಬಲಗೈಯಲ್ಲಿ. ಮಗಳು ಬಲು ಕಟ್ಟುನಿಟ್ಟಿನ ಮೇಷ್ಟ್ರು. ನಿದ್ದೆಗಣ್ಣಲ್ಲಿದ್ದಾಗಲೂ "ಅಪ್ಪಾ!" ಎಂದು ಎಸೆಯುತ್ತಿದ್ದಳು. ಒಂಬತ್ತನೆಯ ದಿನ ಅವನು ಹತ್ತಕ್ಕೆ ಹತ್ತೂ ಹಿಡಿದ. ಅಂದು ಮನೆಯಲ್ಲಿ ಮೂವರೂ ನಕ್ಕರು. ಅಪಘಾತವಾದ ಮೇಲೆ ಅದೇ ಮೊದಲು.

ಪರೀಕ್ಷೆಯ ದಿನ ಕಾರಿಡಾರಿನಲ್ಲಿ ಉದ್ದ ಬೆಂಚು. ಕುಂಟುವವರು, ಕಣ್ಣಿಗೆ ಪಟ್ಟಿ ಕಟ್ಟಿದವರು, ಎಲ್ಲರ ತೊಡೆಯ ಮೇಲೂ ಒಂದೊಂದು ಕಡತ. ಫೋರ್‌ಮನ್ ಸಾಕ್ಷಿಗೆ ಬಂದಿದ್ದ. ಬಾಯಿತಪ್ಪಿ ಎಡಚ ಅಂದುಬಿಟ್ಟೇನೆಂಬ ಹೆದರಿಕೆಗೆ ಅವನು ಬಸ್ಸಿನುದ್ದಕ್ಕೂ ದಾಖಲೆಯ ಹೆಸರನ್ನು ಬಾಯಿಪಾಠ ಮಾಡಿದ್ದ. ಒಳಗಿನಿಂದ ಆ ಹೆಸರು ಕೂಗಿದಾಗ ಎಡಚ ಯಾರೋ ಬೇರೆಯವರೆಂದು ಸುಮ್ಮನೆ ಕುಳಿತಿದ್ದ. "ನೀನೇ ಕಣೋ," ಎಂದು ಫೋರ್‌ಮನ್ ತಿವಿದ.

ಡಾಕ್ಟರು ವಯಸ್ಸಾದವರು, ಮೆದು ಮಾತಿನವರು. ಗಾಯ ನೋಡಿದರು. ತಟ್ಟೆಯೊಳಗಿನ ಗುಂಡುಸೂಜಿಗಳನ್ನು ಒಂದೊಂದಾಗಿ ಎತ್ತಿಡಲು ಹೇಳಿದರು. ಎತ್ತಿಟ್ಟ. ಮೇಜಿಗೆ ಬಿಗಿದಿದ್ದ ಬೋಲ್ಟಿಗೆ ನಟ್ಟು ತಿರುಗಿಸಲು ಹೇಳಿದರು. ತಿರುಗಿಸಿದ. ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದರಿಂದ ಅದು ಮರಗಟ್ಟಿ, ಇಲ್ಲದ ಬೆರಳುಗಳಲ್ಲಿ ಇರುವೆ ಹರಿದಂತಾಗುತ್ತಿತ್ತು. ಮಕ್ಕಳೆಷ್ಟು ಎಂದು ಕೇಳಿದರು. "ಒಬ್ಬಳೇ ಮಗಳು ಸಾರ್, ಓದ್ತಿದಾಳೆ," ಎನ್ನುತ್ತಿದ್ದಂತೆ ಬೀಗದ ಕೈಯ ಗೊಂಚಲು ಎಡಗಡೆಯಿಂದ ಹಾರಿಬಂತು.

ಬಲಗೈ ಎದೆಗೆ ಅಡ್ಡವಾಗಿ ಹೋಗಿ ಅದನ್ನು ಹಿಡಿಯಿತು. ಸದ್ದೂ ಆಗಲಿಲ್ಲ.

"ಭೇಷ್," ಎಂದರು ಡಾಕ್ಟರು. "ಇಲ್ಲಿ ಎಡಗೈ ಹೋದವರೆಲ್ಲ, ಹುಟ್ಟಾ ಎಡಚ ಸಾರ್ ನಾನು, ಅಂತ ಅಳ್ತಾರೆ. ಅರವತ್ತು ಬರಲಿ ಅಂತ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಎಡಚನ ಕಣ್ಣು ಬಾಗಿಲಲ್ಲಿದ್ದ ಫೋರ್‌ಮನ್ ಕಡೆ ಹೋಯಿತು. "ಈ ಕೀಲಿ ಎಸೆದ ತಕ್ಷಣ ಎಲ್ಲ ಬಯಲಾಗುತ್ತೆ. ನೀವೊಬ್ರು ನಿಜ ಹೇಳಿದ್ರಿ. ಸಂತೋಷ."

ಹೇಳಿಬಿಡಲೇ ಎನ್ನಿಸಿತು ಅವನಿಗೆ. ಆ ಮೆದು ದನಿಯವರ ಮುಂದೆ ಎಲ್ಲವನ್ನೂ ಇಟ್ಟುಬಿಟ್ಟರೆ ಅರ್ಥವಾದೀತು. ಆದರೆ ಅರ್ಥವಾದದ್ದನ್ನು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ. ಗೊಂಚಲನ್ನು ಮೇಜಿನ ಮೇಲಿಟ್ಟು ನಮಸ್ಕಾರ ಹೇಳಿ ಎದ್ದ.

ಲೆಕ್ಕದ ಹಾಳೆ ಸಿಗಲು ಎಂಟು ದಿನವಾಯಿತು. ಗುಮಾಸ್ತ ಅದನ್ನು ಕೊಡುವಾಗ ಮುಖ ನೋಡಲಿಲ್ಲ.

"ಮೂವತ್ತು ಬರೆದಿದ್ದಾರೆ."

"ನಲವತ್ತು ಅಂದಿದ್ರಲ್ಲ ನೀವು?"

"ಸಾಮಾನ್ಯವಾಗಿ ಅಂದಿದ್ದೆ. ನೋಡಿ, ಕಾರಣ ಕೊಟ್ಟಿದ್ದಾರೆ. 'ದುಡಿಯುವ ಕೈ ಅಸಾಧಾರಣ ಚುರುಕಾಗಿದೆ. ಗಳಿಕೆಯ ಶಕ್ತಿಗೆ ಹೆಚ್ಚಿನ ನಷ್ಟವಿಲ್ಲ.' ಅಷ್ಟೊಂದು ಚೆನ್ನಾಗಿ ಮಾಡಿದ್ರಂತೆ." ಹಾಳೆಯ ಅಂಚನ್ನು ಉಗುರಿನಿಂದ ನೀವಿದ. "ಬೇಕಾದ್ರೆ ಮೇಲ್ಮನವಿ ಹಾಕಿ. ಆಗ ಹಳೇ ಕಡತ ಎಲ್ಲ ತರಿಸ್ತಾರೆ. ಜೊತೆ ಕೆಲಸಗಾರರನ್ನೂ ಕರೆಸಿ ಕೇಳ್ತಾರೆ."

ಜೊತೆ ಕೆಲಸಗಾರರು ಅವನನ್ನು ಯಾವ ಹೆಸರಿನಿಂದ ಕರೆಯುತ್ತಾರೆಂಬುದು ಎಡಚನಿಗೆ ಗೊತ್ತಿತ್ತು. ಬೇಡ ಎಂದು ರುಜು ಹಾಕಿದ.

ಮನೆಯಲ್ಲಿ ಹೆಂಡತಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಮಗಳಿಗೆ ಕೊಟ್ಟಳು. ಮಗಳು ಕಾರಣದ ಸಾಲನ್ನು ಎರಡು ಸಲ ಓದಿದಳು. ಐದು ಸಾವಿರದ ನಾನೂರು. ಸಾವಿರದ ಎಂಟುನೂರು ಕಡಿಮೆ. ಅದನ್ನು ನೋಟ್‌ಬುಕ್ಕಿನಲ್ಲಿ ಕಳೆಯುವ ಅಗತ್ಯವಿರಲಿಲ್ಲ.

"ಒಂದೆರಡು ಸಲ ಬೀಳಿಸ್ಬೇಕಿತ್ತು ನೀನು," ಎಂದಳು. ಹಾಳೆಯನ್ನು ಮಡಿಸಿಟ್ಟು, "ನಾನೇ ಜಾಸ್ತಿ ಕಲಿಸಿಬಿಟ್ಟೆ," ಎಂದಳು.

"ನಿಂದೇನು ತಪ್ಪು ಪುಟ್ಟ. ಸಾಲ ಸೋಲ ಮಾಡಿಯಾದ್ರೂ ಕಟ್ಟೋಣ. ಒಂದೇ ವರ್ಷ ಅಲ್ವಾ?" ಎಂದ ಎಡಚ.

ಸಾಲ ಕೊಡುವವರು ಕೈ ನೋಡುತ್ತಾರೆ. ಅವನು ಕೇಳಿದ ಮೂವರೂ ಮೊದಲು ಬ್ಯಾಂಡೇಜು ನೋಡಿ, ಆಮೇಲೆ ಮುಖ ನೋಡಿ, ಮುಂದಿನ ತಿಂಗಳು ನೋಡೋಣ ಎಂದರು. ಮೊದಲ ಕಂತಿನ ಕೊನೆಯ ದಿನ ಬಂದು ಹೋಯಿತು. ಅಂದು ಮಗಳು ಎಂದಿನಂತೆ ತಲೆ ಬಾಚಿಕೊಂಡಳು, ಆದರೆ ಚೀಲ ತೆಗೆದುಕೊಳ್ಳಲಿಲ್ಲ.

ಮರುವಾರ, ಮಧ್ಯಾಹ್ನ, ಅವನು ಔಷಧಿ ಅಂಗಡಿಯಿಂದ ಬಂದಾಗ ಫೋರ್‌ಮನ್ನಿನ ಸ್ಕೂಟರ್ ಬೀದಿಯ ತಿರುವು ದಾಟುತ್ತಿತ್ತು. ಕೂಗಿದರೂ ನಿಲ್ಲಲಿಲ್ಲ. ಒಳಗೆ ಮಗಳು ನೆಲದ ಮೇಲೆ ಕುಳಿತಿದ್ದಳು. ಅವಳ ಮುಂದೆ ಕಾರ್ಖಾನೆಯ ಫಾರಂ. ಕೈ ಕಳೆದುಕೊಂಡವರ ಮನೆಯ ಒಬ್ಬರಿಗೆ ಕಾರ್ಖಾನೆ ಕೆಲಸ ಕೊಡುತ್ತದೆ. ಆ ಕೆಲಸಕ್ಕೆ ತಾನು ಬರುತ್ತೇನೆಂದು ಹೇಳಿಕಳಿಸಿದ್ದು ಅವಳೇ. ಹೆಂಡತಿ ಹೊಲಿಗೆ ಯಂತ್ರದ ಮುಂದೆ, ಬಟ್ಟೆಯಿಲ್ಲದೆ, ಸುಮ್ಮನೆ ಚಕ್ರ ಹಿಡಿದು ಕುಳಿತಿದ್ದಳು.

"ಬೇಡ," ಎಂದ ಎಡಚ. "ಹೋಗೋದೇ ಆದ್ರೆ ಪ್ಯಾಕಿಂಗಿಗೆ ಹೋಗು."

"ಅಲ್ಲಿ ಅರ್ಧ ಕೂಲಿ ಅಪ್ಪ. ಒಂದು ವರ್ಷ ಪ್ರೆಸ್ಸಲ್ಲಿ ಮಾಡಿದ್ರೆ ಫೀಸು ಕೂಡಿಸ್ಬಹುದು. ಆಮೇಲೆ ಬಿಟ್ಟುಬಿಡ್ತೀನಿ."

ಒಂದು ವರ್ಷ ಎಂದು ಅವನೂ ಅಂದಿದ್ದ, ಹನ್ನೊಂದು ವರ್ಷದ ಹಿಂದೆ. ಬಗ್ಗಿ ಫಾರಂ ನೋಡಿದ. ಹೆಸರು, ವಯಸ್ಸು, ವಿಳಾಸ ತುಂಬಿಯಾಗಿತ್ತು. ಅವಳ ದುಂಡಗಿನ ಎಡಗೈ ಅಕ್ಷರ. ಅದರ ಕೆಳಗಿನ ಸಾಲಿನಲ್ಲಿ 'ಬಲ' ಎನ್ನುವುದರ ಕೆಳಗೆ ಗೀಟು ಬಿದ್ದಿತ್ತು.

"ಸೋಮವಾರದಿಂದ ಬಾ ಅಂದ್ರು. ಇನ್ನೂ ಐದು ದಿನ ಇದೆ."

ಅವಳು ಎದ್ದು ಬುಟ್ಟಿಯಿಂದ ಒಂದು ಈರುಳ್ಳಿ ತಂದು ಅವನ ಬಲಗೈಗೆ ಕೊಟ್ಟಳು. ಎದುರು ಗೋಡೆಗೆ ಬೆನ್ನು ಕೊಟ್ಟು ಕುಳಿತು, ತನ್ನ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

"ಎಸಿ ಅಪ್ಪ," ಎಂದಳು.

ಹೊಲಿಗೆ ಯಂತ್ರದ ಚಕ್ರ ಒಂದು ಸುತ್ತು ತಿರುಗಿ ನಿಂತಿತು. ಅವನು ಈರುಳ್ಳಿ ಹಿಡಿದುಕೊಂಡು ನಿಂತೇ ಇದ್ದ. ಒಣಗಿದ ಸಿಪ್ಪೆ ಬಿಟ್ಟು ಅವನ ಕಾಲ ಬಳಿ ಬೀಳುತ್ತಿತ್ತು.