ನಮ್ಮ ಮನೆಯವರು ಜೋಡಿಸಿದ ಕೊನೆಯ ಕಂಪ್ಯೂಟರ್

ನಮ್ಮ ಮನೆಯವರಿಗೆ ಮೊದಲಿನಿಂದಲೂ ಮಾತು ಕಡಿಮೆ. ಅಂಗಡಿ ಮುಚ್ಚಿದ ಮೇಲೆ ಇದ್ದದ್ದೂ ನಿಂತುಹೋಯಿತು. ಸೈಬರ್ ಸೆಂಟರುಗಳ ಕಾಲದಲ್ಲಿ ಲಕ್ಷ್ಮೀಪುರಂನಲ್ಲಿ ಅವರದೊಂದು ಕಂಪ್ಯೂಟರ್ ಅಂಗಡಿಯಿತ್ತು. ಮೈಸೂರಿನ ಅರ್ಧ ಸೈಬರ್ ಸೆಂಟರುಗಳಿಗೆ ನಮ್ಮ ಸಿದ್ದಲಿಂಗಸ್ವಾಮಿಯೇ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದು ಎಂದು ನಮ್ಮತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅರ್ಧ ಅನ್ನುವುದು ಅತ್ತೆಯ ಲೆಕ್ಕ, ನನ್ನದಲ್ಲ. ಆದರೆ ಕೈಯಲ್ಲಿ ವಿದ್ಯೆ ಇದ್ದದ್ದು ನಿಜ. ಆಮೇಲೆ ಜನ ಲ್ಯಾಪ್‌ಟಾಪಿಗೆ ಮುಗಿಬಿದ್ದರು, ಸೈಬರ್ ಸೆಂಟರುಗಳೆಲ್ಲ ಜೆರಾಕ್ಸ್ ಅಂಗಡಿಗಳಾದವು, ಇವರ ಅಂಗಡಿಯೂ ಮುಚ್ಚಿತು. ಆಗ ಅನನ್ಯ ನನ್ನ ಹೊಟ್ಟೆಯಲ್ಲಿದ್ದಳು. ಅಂದಿನಿಂದ ಇವರು ಗ್ಯಾಸ್ ಏಜೆನ್ಸಿಯೊಂದರಲ್ಲಿ ಬಿಲ್ ಹಾಕುತ್ತಾರೆ. ಅಂಗಡಿ ಇದ್ದ ಬೀದಿಯಲ್ಲಿ ಹೋಗಬೇಕಾಗಿ ಬಂದರೆ ಸುತ್ತು ಹಾಕಿಕೊಂಡು ಬರುತ್ತಾರೆ.

ಮಗಳ ಪಾಲಿಗೆ ಇವರು ಸಿಲಿಂಡರ್ ಬುಕ್ ಮಾಡುವ ಅಪ್ಪ, ಅಷ್ಟೇ.

ಪಿಯುಸಿ ಮುಗಿಸಿದ ಮೇಲೆ ಅವಳಿಗೊಂದು ಕಂಪ್ಯೂಟರ್ ಕೊಡಿಸುವುದೆಂದು ಮಾತಾಗಿತ್ತು. ಅವಳಿಗೆ ಗೇಮ್ ಆಡುವಂಥದ್ದೇ ಬೇಕು, ರೆಡಿಮೇಡ್ ಬೇಡ, ಪಾರ್ಟ್ಸ್ ತಂದು ಮನೆಯಲ್ಲೇ ಜೋಡಿಸಬೇಕು, ಎಲ್ಲ ಸೇರಿ ಐವತ್ತು ಸಾವಿರದೊಳಗೆ ಮುಗಿಯಬೇಕು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ನನ್ನ ತಲೆ ತಿಂದಿದ್ದಳು. ಒಂದು ಸಂಜೆ ಅಪ್ಪನ ಮುಂದೆ ಹೋಗಿ ಕೂತಳು.

"ಅಪ್ಪ, ನಂಗೆ ಎಲ್ಲ ಕನ್‌ಫ್ಯೂಸ್ ಆಗ್ತಿದೆ. ಪಾರ್ಟ್ಸ್ ನೀನೇ ಆರಿಸ್ಕೊಡು. ಜೋಡ್ಸೋದೂ ನೀನೇ."

ಇವರು ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಆಮೇಲೆ, "ಕೆಳಗೆ ಕೂರೋಣ ಬಾ, ಹರಡ್ಕೊಂಡು ನೋಡೋಣ" ಅಂದರು. ಹರಡಿಕೊಳ್ಳಲು ಅಲ್ಲಿ ಅವಳ ಫೋನ್ ಬಿಟ್ಟರೆ ಬೇರೇನೂ ಇರಲಿಲ್ಲ. ನನಗೆ ಅಡುಗೆಮನೆಯಲ್ಲಿ ನಿಂತಲ್ಲೇ ಕಣ್ಣು ತುಂಬಿತು. ಈ ಒಂದು ಕೆಲಸ ಇವರ ಕೈಯಲ್ಲಿ ಸರಿಯಾಗಿ ಆಗಿಬಿಡಲಪ್ಪ ಎಂದು ನಂಜುಂಡೇಶ್ವರನಿಗೆ ಕೈಮುಗಿದೆ. ಮಗಳು ಗೇಮ್ ಆಡಲಿ ಬಿಡಲಿ, ಅದಕ್ಕಲ್ಲ.

ಅಲ್ಲಿಂದ ದಿನವೂ ಊಟವಾದ ಮೇಲೆ ಅಪ್ಪ ಮಗಳ ಜಗಳ. ಅವಳಿಗೆ ಗಾಜಿನ ಕ್ಯಾಬಿನೆಟ್ ಬೇಕು, ಒಳಗೆ ಬಣ್ಣಬಣ್ಣದ ಲೈಟ್ ಬೇಕು. "ಮಾರಿಹಬ್ಬಕ್ಕೆ ಸೀರಿಯಲ್ ಸೆಟ್ ಹಾಕ್ದಂಗಿರುತ್ತೆ. ಆ ದುಡ್ಡಲ್ಲಿ ಒಳ್ಳೇ ಎಸ್‌ಎಂಪಿಎಸ್ ತಗೋ" ಅನ್ನುವರು ಇವರು. ಕರೆಂಟ್ ಒದಗಿಸುವ ಆ ಪೆಟ್ಟಿಗೆಯಲ್ಲಿ ಜಿಪುಣತನ ಮಾಡಿದರೆ ಒಂದು ದಿನ ಎಲ್ಲವನ್ನೂ ಸುಟ್ಟುಕೊಂಡು ಕೂರಬೇಕಾಗುತ್ತದೆಂದು ವಿವರಿಸುವರು. ವಿಡಿಯೋದವರೂ ಅದನ್ನೇ ಹೇಳಿದ್ದರಂತೆ. ಅವಳು ಲೈಟ್ ಕೈಬಿಟ್ಟಳು.

ದೊಡ್ಡ ತಲೆನೋವೆಂದರೆ ಗ್ರಾಫಿಕ್ಸ್ ಕಾರ್ಡ್. ಗೇಮ್ ಓಡುವುದೇ ಅದರ ಮೇಲೆ, ಅರ್ಧ ದುಡ್ಡು ಅದೊಂದೇ ನುಂಗುತ್ತದೆ. ಕೆಸರೆಯಲ್ಲಿ ಯಾರೋ ಸೆಕೆಂಡ್‌ಹ್ಯಾಂಡ್ ಕಾರ್ಡ್ ಮಾರುತ್ತಿದ್ದಾರೆಂದು ಅನನ್ಯ ಹುಡುಕಿದಳು, ಇಬ್ಬರೂ ಸ್ಕೂಟರಿನಲ್ಲಿ ಹೋದರು. ಬಂದ ಮೇಲೆ ಅವಳು ಚಪ್ಪಲಿ ಕೂಡ ಬಿಡದೆ ಶುರುಮಾಡಿದಳು.

"ಅಮ್ಮ, ಅಪ್ಪ ಕಾರ್ಡ್‌ನ ಮೂಸಿ ನೋಡ್ತು ಕಣಮ್ಮ. ಮೂಸ್ಬುಟ್ಟು, ಇದು ಹಗಲೂ ರಾತ್ರಿ ಓಡಿ ಸುಟ್ಟಿದೆ, ಸ್ಕ್ರೂ ಬೇರೆ ಬಿಚ್ಚಿದಾರೆ, ಬೇಡ ಅಂತು. ಆ ಮನುಷ್ಯ ತುಟಿ ಪಿಟಕ್ ಅನ್ಲಿಲ್ಲ."

ಇವರು ಏನೂ ಕೇಳಿಸದವರಂತೆ ಕಾಲು ತೊಳೆಯಲು ಹೋದರು. ಬಚ್ಚಲಲ್ಲಿ ಗುನುಗುತ್ತಿದ್ದದ್ದು ನನಗೆ ಕೇಳಿಸಿತು.

ಕೊನೆಗೆ ಸ್ವಲ್ಪ ಚಿಕ್ಕದಾದರೂ ಹೊಸ ಕಾರ್ಡೇ ಎಂದು ತೀರ್ಮಾನವಾಯಿತು. ಎಲ್ಲವನ್ನೂ ವಿಜಯ್‌ಕುಮಾರ್ ಅಂಗಡಿಯಿಂದ ತಂದರು. ಅವರು ಇವರ ಜೊತೆಯಲ್ಲೇ ಅಂಗಡಿ ತೆಗೆದವರು, ಹೇಗೋ ಉಳಿಸಿಕೊಂಡವರು. ಶ್ರೀರಾಂಪುರದ ನಮ್ಮ ಪುಟ್ಟ ಹಾಲಿನ ತುಂಬ ರಟ್ಟಿನ ಡಬ್ಬಗಳು.

ಶನಿವಾರ ಬೆಳಿಗ್ಗೆ ಇವರು ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಕ್ಯಾಬಿನೆಟ್ಟಿಗೂ ಮೂರು ಗೆರೆ ಎಳೆದು ಕೂತರು. ಬಿಡಿಸಿದ ಮದರ್‌ಬೋರ್ಡ್ ತೊಡೆಯ ಮುಂದೆ. ಯಾವ ಕಾಲೇಜಿನ ಲ್ಯಾಬಿಗೆ ಎಷ್ಟು ಕಂಪ್ಯೂಟರ್ ಕೊಟ್ಟೆ, ಯಾವ ಪ್ರಿನ್ಸಿಪಾಲರು ಮೌಸನ್ನು ಪರದೆಗೆ ಒತ್ತಿ ಹಿಡಿದಿದ್ದರು ಎಂದೆಲ್ಲ ಹೇಳುತ್ತಾ ಹೇಳುತ್ತಾ ಸಣ್ಣದೊಂದು ಬ್ರಷ್ ತೆಗೆದು, ಪ್ರೊಸೆಸರ್ ಕೂರಿಸುವ ಸಾಕೆಟ್ಟನ್ನು ಗುಡಿಸಿದರು. ಧೂಳಿನ ಒಂದು ಕಣವೂ ಇರಬಾರದು ಎಂದು ಎರಡು ಸಲ ಗುಡಿಸಿದರು. ಮಗಳು ನಕ್ಕೂ ನಕ್ಕೂ ಇದ್ದಕ್ಕಿದ್ದಂತೆ ಸುಮ್ಮನಾದಳು. ಕಥೆ ಮುಗಿಯಿತೇನೋ ಅಂದುಕೊಂಡೆ ನಾನು.

ಎಲ್ಲ ಕೂರಿಸಿ ಗುಂಡಿ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ರ್ಯಾಮ್ ತೆಗೆದು ಹಾಕಿದರು, ಕಾರ್ಡ್ ತೆಗೆದು ಹಾಕಿದರು, ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಸಿಕ್ಕಿಸಿದರು. ಮಧ್ಯಾಹ್ನವಾದರೂ ಅದೇ ಕಪ್ಪು. ಅಷ್ಟು ಹೊತ್ತಿಗೆ ಅವರ ಬೆನ್ನು ಬಗ್ಗಿತ್ತು, ಮಾತು ನಿಂತಿತ್ತು. ಅನನ್ಯ ತಾನು ನೋಡುತ್ತೇನೆಂದು ಪ್ರೊಸೆಸರ್ ಎತ್ತಿ, ಫೋನಿನ ಟಾರ್ಚ್ ಹಿಡಿದು ಬಗ್ಗಿದಳು. ನಾನು ಅವಳ ಹಿಂದೆಯೇ ಇದ್ದೆ. ಸಾಕೆಟ್ಟಿನ ತುಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಡ್ಡಿಗಳು. ಒಂದು ಮೂಲೆಯಲ್ಲಿ ಅವೆಲ್ಲ ಹಳೇ ಹಲ್ಲುಜ್ಜುವ ಬ್ರಷ್ಷಿನ ಎಳೆಗಳಂತೆ ಒಂದೇ ಕಡೆಗೆ ಬಗ್ಗಿದ್ದವು. ಅವಳು ತಟ್ಟನೆ ಮುಚ್ಚಿದಳು.

"ಬೋರ್ಡೇ ಡಿಫೆಕ್ಟ್ ಪೀಸ್ ಅನ್ಸುತ್ತೆ ಅಪ್ಪ" ಅಂದಳು.

ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿದೆ. ಮೊದಲು ಪಿನ್ನುಗಳು ಪ್ರೊಸೆಸರಿನ ಕೆಳಗಿರುತ್ತಿದ್ದವಂತೆ, ಬೋರ್ಡಿನಲ್ಲಿ ಬರೀ ತೂತು; ಬ್ರಷ್ ಆಡಿಸಿದರೆ ಒಳ್ಳೆಯದೇ. ಈಗ ಪಿನ್ನುಗಳು ಬೋರ್ಡಿನಲ್ಲೇ ಇರುತ್ತವೆ, ಅದಕ್ಕೆ ಏನೂ ತಾಗಿಸಬಾರದು.

"ಗುಡಿಸ್ವಾಗ ನೋಡ್ತಾನೇ ಇದ್ದೆ ಅಮ್ಮ. ಬೇಡ ಅನ್ನಕ್ಕೆ ಬಾಯೇ ಬರ್ಲಿಲ್ಲ. ಅಷ್ಟು ಖುಷಿಯಾಗಿತ್ತು ಅಪ್ಪ. ನಾನೇ ಯಾವಾಗಾದ್ರೂ ಬೇರೆ ತರ್ಸಿ ಹಾಕ್ತೀನಿ. ಹೇಳ್ಬೇಡ."

ಹೇಳಲಿಲ್ಲ. ಆದರೆ ಹಾಲಿಗೆ ಬಂದರೆ ಇವರು ಬೋರ್ಡನ್ನು ಡಬ್ಬಕ್ಕೆ ಹಾಕಿ, ಶರಟು ತೊಟ್ಟು, ಹೊರಟು ನಿಂತಿದ್ದಾರೆ. ಬಗ್ಗಿದ್ದ ಬೆನ್ನು ನೆಟ್ಟಗಾಗಿದೆ. "ಡಿಫೆಕ್ಟ್ ಪೀಸ್ ಕೊಟ್ಟು ಕಳಿಸಿದಾನೆ ವಿಜಯ್‌ಕುಮಾರ. ನಾನು ಫೀಲ್ಡ್ ಬಿಟ್ಟೋನು, ಏನೂ ಗೊತ್ತಾಗಲ್ಲ ಅಂದ್ಕೊಂಡಿದಾನೆ." ನಾಳೆ ಹೋದರಾಯಿತು ಅಂದೆ, ಊಟ ಮಾಡಿ ಅಂದೆ. ಇನ್ನು ತಡೆಯಬೇಕೆಂದರೆ ನಿಜ ಹೇಳಬೇಕಿತ್ತು. ಧೈರ್ಯ ಬರಲಿಲ್ಲ, ಸ್ಕೂಟರಿನ ಹಿಂದೆ ಹತ್ತಿ ಕೂತೆ.

ಅಂಗಡಿ ತುಂಬ ಗಿರಾಕಿಗಳಿದ್ದರು. ಇವರು ಡಬ್ಬವನ್ನು ಕೌಂಟರಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ, ಇಂಥ ಮಾಲು ಮಾರಿ ಹೊಸಬರಿಗೆ ಟೋಪಿ ಹಾಕಬಹುದು, ನನಗಲ್ಲ ಅಂದರು. ಆ ದನಿ ಕೇಳಿ ಎಷ್ಟೋ ವರ್ಷವಾಗಿತ್ತು. ವಿಜಯ್‌ಕುಮಾರ್ ಸಿಟ್ಟಾಗಲಿಲ್ಲ. ದೀಪದ ಭೂತಗನ್ನಡಿ ಎಳೆದುಕೊಂಡು ಬೋರ್ಡ್ ನೋಡಿ, ನಿಧಾನವಾಗಿ ತಲೆಯೆತ್ತಿದರು.

"ಸ್ವಾಮಿಯವರೇ, ಒಳಗೆ ಬನ್ನಿ. ಕಾಫಿ ಕುಡಿಯೋಣ."

"ಕಾಫಿ ಆಮೇಲೆ. ಏನಿದ್ರೂ ಇಲ್ಲೇ ಹೇಳಿ."

"ಸಾಕೆಟ್ ಮೇಲೆ ಏನಾದ್ರೂ ಆಡಿಸಿದ್ರಾ?"

"ಬ್ರಷ್ ಆಡಿಸ್ದೆ. ಯಾವತ್ತೂ ಆಡಿಸೇ ಕೂರ್ಸೋದು ನಾನು."

ಪಕ್ಕದಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. ವಿಜಯ್‌ಕುಮಾರ್ ಭೂತಗನ್ನಡಿಯನ್ನು ಇವರ ಕಡೆಗೆ ತಿರುಗಿಸಿದರು. ಇವರು ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು. ಅವರನ್ನು ಅಲ್ಲಿಂದ ಎಳೆದುಕೊಂಡು ಓಡಿಬಿಡಬೇಕು ಅನ್ನಿಸಿತು ನನಗೆ.

"ಮೊದ್ಲು ಪಿನ್ನು ಪ್ರೊಸೆಸರ್ನಲ್ಲಿರ್ತಿತ್ತು" ಅಂದರು ಕೊನೆಗೆ.

"ಇರ್ತಿತ್ತು ಸ್ವಾಮಿಯವರೇ" ಅಂದರು ವಿಜಯ್‌ಕುಮಾರ್.

ಹೊಸದೊಂದು ಬೋರ್ಡ್ ಕೊಂಡು ಹೊರಟೆವು. ದಾರಿಯಲ್ಲಿ ಒಂದು ಮರದ ಕೆಳಗೆ ಸ್ಕೂಟರ್ ನಿಲ್ಲಿಸಿದರು. ಹಿಂದಕ್ಕೆ ತಿರುಗದೆ ಕೇಳಿದರು, "ಅವಳಿಗೆ ಗೊತ್ತಿತ್ತಾ?"

"ಹೂಂ."

"ನಿಂಗೆ?"

ನಾನು ಅವರ ಭುಜದ ಮೇಲೆ ಕೈಯಿಟ್ಟೆ. ಅವರು ಸ್ಕೂಟರ್ ಸ್ಟಾರ್ಟ್ ಮಾಡಿದರು. ಮಗಳ ಮೇಲೆ ನನಗೆ ಬಂದ ಸಿಟ್ಟು ಮನೆ ಮುಟ್ಟುವ ಹೊತ್ತಿಗೆ ನನ್ನ ಮೇಲೇ ತಿರುಗಿತ್ತು. ಮನೆಯಲ್ಲೇ ಹೇಳಿದ್ದರೆ ನಾವು ಮೂರು ಜನರ ನಡುವೆ ಮುಗಿಯುತ್ತಿತ್ತು.

ಅನನ್ಯ ಬಾಗಿಲಲ್ಲೇ ಕಾಯುತ್ತಿದ್ದಳು. "ನೀನು ಹೇಳಿದ್ದೇ ಸರಿ ಮಗಳೇ, ಡಿಫೆಕ್ಟ್ ಪೀಸ್. ಬದಲಾಯಿಸಿ ಕೊಟ್ರು" ಎಂದು ಡಬ್ಬ ಅವಳ ಕೈಗಿತ್ತು ಒಳಗೆ ಹೋದರು. ಅವಳು ನನ್ನನ್ನು ನೋಡಿದಳು. ನಾನು ಏನೂ ಹೇಳಬೇಕಾಗಿ ಬರಲಿಲ್ಲ. ಮಾರನೆಯ ದಿನ ಅವಳು ಎಷ್ಟು ಕರೆದರೂ, ಕಣ್ಣು ಮಂಜಾಗಿದೆ, ನೀನೇ ಹಾಕಿಕೋ ಅಂದರು. ಅವಳೊಬ್ಬಳೇ ಕೂತು ಜೋಡಿಸಿದಳು. ಪರದೆ ಬೆಳಗಿತು, ಅವಳು ಕೂಗಿ ಹೇಳಲಿಲ್ಲ.

ಮೊನ್ನೆ ಪಕ್ಕದ ಮನೆಯ ಅಂಬುಜಮ್ಮ ಬಂದಿದ್ದರು. ಅವರ ಮೊಮ್ಮಗಳ ಕಂಪ್ಯೂಟರ್ ಆನ್ ಆಗುತ್ತಿಲ್ಲವಂತೆ. "ಸ್ವಾಮಿಯವರೇ, ಒಂಚೂರು ಬಂದು ನೋಡ್ತೀರಾ? ನಿಮ್ಮ ಕೈ ಬಿದ್ರೆ ಸರಿಹೋಗುತ್ತೆ."

"ನಂಗೆ ಕಂಪ್ಯೂಟರ್ ಬರಲ್ಲಮ್ಮ" ಅಂದರು ಇವರು. ಬೇಸರವಾಗಲಿ ಮುನಿಸಾಗಲಿ ಇರಲಿಲ್ಲ ದನಿಯಲ್ಲಿ, ಸಿಲಿಂಡರ್ ಸ್ಟಾಕ್ ಇಲ್ಲ ಎಂದು ಹೇಳುವಾಗಿನ ಹಾಗೆಯೇ ಇತ್ತು. "ಅನನ್ಯನ ಕೇಳಿ."

ಒಳಗೆ ಗೇಮಿನ ಸದ್ದು ನಿಂತಿತು. ಅನನ್ಯ ಎದ್ದು ಬಾಗಿಲಿಗೆ ಬಂದಳು.

"ಅಪ್ಪಂಗೆ ಬರುತ್ತೆ ಆಂಟಿ" ಅಂದಳು. "ಅಪ್ಪಂಗೆ ಎಲ್ಲ ಬರುತ್ತೆ."

ಅಂಬುಜಮ್ಮ ಇವರ ಕಡೆ ನೋಡಿದರು. ಇವರು ಚಪ್ಪಲಿ ಮೆಟ್ಟಿಕೊಂಡು, ಹಾಲು ತರುತ್ತೇನೆಂದು ಹೇಳಿ ಹೊರಟುಹೋದರು. ಮನೆಯಲ್ಲಿ ಹಾಲಿತ್ತು.