ಅಡಗಿಕೊಳ್ಳಲು ಗೊತ್ತುಪಡಿಸಿದ ಜಾಗಗಳು

ಹುಷಾರಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಟ್ಟಡದ ಮಕ್ಕಳು ಇಟ್ಟದ್ದು. ಬಣ್ಣದ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದ ಆ ಮಹಾಶಯ ದಿನವಿಡೀ ಅಲ್ಲಿ "ಹೆಲ್ಮೆಟ್ ಎಲ್ಲಿ, ಕೈಗವಸು ಎಲ್ಲಿ" ಎಂದು ಕೂಗಾಡಿದ್ದು ಸಾಲದೆ, ಸಂಜೆ ಮೆಟ್ಟಿಲ ಮೇಲೆ ಎದುರಾದ ಮಕ್ಕಳಿಗೆಲ್ಲ "ಹುಷಾರಪ್ಪಾ, ಹುಷಾರು" ಎನ್ನುತ್ತಿದ್ದ. ಹೆಸರು ಅಂಟಿಕೊಂಡಿತು. ಅವನ ಹೆಂಡತಿಗಂತೂ ಆ ಹೆಸರು ಬಲು ಇಷ್ಟ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅವಳು ಅಳತೆ ಕೊಡಲು ಬಂದವರ ಮುಂದೆಲ್ಲ "ನಮ್ಮ ಹುಷಾರಪ್ಪ ಇವತ್ತೇನು ಮಾಡಿದ್ರು ಗೊತ್ತಾ?" ಎಂದು ಶುರುಮಾಡಿದರೆ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇಂಥವನನ್ನು ಹುಡುಕಿ ಹುಡುಕಿ ಕಟ್ಟಡದವರು ಮಕ್ಕಳ ಆಟದ ದಿನಕ್ಕೆ ಮುಖ್ಯಸ್ಥನನ್ನಾಗಿ ಮಾಡಿದರು. ಅವನ ಜೊತೆಗೆ ಮೇಲಿನ ಮಹಡಿಯ ಹಲ್ಲಿನ ಡಾಕ್ಟರಮ್ಮ. ಆಕೆ ಮೊದಲ ಸಭೆಯಲ್ಲೇ ಮಿಠಾಯಿಗೆ ಕತ್ತರಿ ಹಾಕಿ ಬಹುಮಾನಕ್ಕೆ ಹಲ್ಲುಜ್ಜುವ ಬ್ರಷ್ ಇಟ್ಟರು. ಇವನೇನು ಕಮ್ಮಿಯೇ? ಓಟದ ಪಂದ್ಯದಲ್ಲಿ ಓಡಬಾರದು, ಬಿರುಸಾಗಿ ನಡೆದರೆ ಸಾಕು ಎಂದ. ಹಗ್ಗಜಗ್ಗಾಟದಲ್ಲಿ ಎಳೆದರೆ ಅಂಗೈ ಉಜ್ಜಿಹೋಗುತ್ತದೆ, ಎರಡೂ ಕಡೆಯವರು ಹಗ್ಗ ಹಿಡಿದು ಫೋಟೊಕ್ಕೆ ನಿಂತರಾಯಿತು ಎಂದ. ಕಣ್ಣಾಮುಚ್ಚಾಲೆಯ ಸರದಿ ಬಂದಾಗಲಂತೂ ತನ್ನ ಬುದ್ಧಿಗೆ ತಾನೇ ಮೆಚ್ಚಿ ಮುಗುಳ್ನಕ್ಕ. ಅಂಗಳದಲ್ಲಿ ಹಳದಿ ಸುಣ್ಣದಿಂದ ಚೌಕಗಳನ್ನು ಬರೆಯುವುದು; ಮಕ್ಕಳು ಅವುಗಳೊಳಗೇ ಅಡಗಿಕೊಳ್ಳುವುದು; ಯಾರ ಚೌಕ ಯಾವುದೆಂದು ಹುಡುಕುವವನಿಗೆ ಮೊದಲೇ ತಿಳಿಸಿಡುವುದು.

"ಬಟಾಬಯಲಲ್ಲಿ ಹೆಂಗ್ರೀ ಅಡಗಿಕೊಳ್ಳೋದು?" ಎಂದು ಹೆಂಡತಿ ಕೇಳಿದಳು.

"ಕಣ್ಣು ಮುಚ್ಕೊಂಡು ಕೂತ್ರಾಯ್ತು ಕಣೆ. ಮಕ್ಕಳಿಗೆ ಅಷ್ಟೇ ಸಾಕು."

ಅವಳು ಹಣೆ ಚಚ್ಚಿಕೊಂಡಳು. ಮರುದಿನ ಗಿರಾಕಿಗಳಿಗೆ ಹೇಳಲು ಒಳ್ಳೆಯ ಸಂಗತಿ ಸಿಕ್ಕಿತೆಂಬ ಖುಷಿಯೂ ಒಳಗೊಳಗೇ ಇತ್ತು. ಆದರೆ ಅದರ ಕೆಳಗೆ ಒಂದು ಸಂಕಟವೂ ಇತ್ತು, ಅದನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಅವರ ಒಬ್ಬಳೇ ಮಗಳು, ಬಟಾಣಿ ಎಂದು ಕರೆಸಿಕೊಳ್ಳುವ ಗುಂಡು ಗುಂಡಾದ ಹುಡುಗಿ, ಈಚೆಗೆ ಆಟಕ್ಕೆ ಕರೆಯುವುದನ್ನೇ ಬಿಟ್ಟಿದ್ದಳು. ಮೊದಲೆಲ್ಲ ಅಪ್ಪನ ಅಂಗಿ ಜಗ್ಗುತ್ತಿದ್ದಳು. ಅವನು ಮೇಜಿನ ಮೂಲೆ, ಬಾಗಿಲ ಸಂದು, ಜಾರುವ ನೆಲ ಎಂದು ಒಂದೊಂದೇ ಎಚ್ಚರಿಕೆ ಹೇಳಿ ಮುಗಿಸುವಷ್ಟರಲ್ಲಿ ಆಟದ ಹೊತ್ತೇ ಕಳೆದಿರುತ್ತಿತ್ತು. ಆಮೇಲೆ ಹೊಲಿಗೆ ಯಂತ್ರದ ಹತ್ತಿರ ಬಂದು "ಅಮ್ಮ, ನೀನಾದ್ರೂ ಬಾ" ಎನ್ನುತ್ತಿದ್ದಳು. "ನಿಮ್ಮಪ್ಪಂಗೆ ಹೇಳು ಹೋಗೆ, ಅವರಿಗೇ ತಾನೆ ಎಲ್ಲಾ ಗೊತ್ತಿರೋದು" ಎಂದು ಇವಳು ಹಲ್ಲಿನಲ್ಲಿ ನೂಲು ಕತ್ತರಿಸುತ್ತಿದ್ದಳು. ಈಗ ಮಗು ಸುಮ್ಮನೆ ಕಿಟಕಿಯ ಬಳಿ ಕೂರುತ್ತಿತ್ತು. ಈ ದಿನವಾದರೂ ಅದು ಮನಸಾರೆ ಆಡಲಿ ಎಂದು ತಾಯಿಯ ಜೀವ ಹಂಬಲಿಸುತ್ತಿತ್ತು. ಆಡದಿದ್ದರೆ ತಪ್ಪು ಯಾರದೆಂಬುದನ್ನು ಮಾತ್ರ ಅವಳು ಆಗಲೇ ತೀರ್ಮಾನಿಸಿಬಿಟ್ಟಿದ್ದಳು.

ಆಟದ ದಿನ ಅವಳನ್ನು ಪ್ರಥಮ ಚಿಕಿತ್ಸೆಯ ಮೇಜಿನ ಹಿಂದೆ ಕೂರಿಸಲಾಯಿತು. ಮೇಜಿನ ಮೂಲೆಗಳು ಮಕ್ಕಳಿಗೆ ತಾಗಬಾರದೆಂದು ಹುಷಾರಪ್ಪ ಅದಕ್ಕೊಂದು ದಪ್ಪ ಗವಸು ಹೊಲಿಸಿದ್ದ, ನೆಲ ಮುಟ್ಟುವಷ್ಟು ಉದ್ದ. ಹೊಲಿದವಳು ಇವಳೇ. ಮೇಜಿನ ಮೇಲಿನ ಔಷಧಿ ಪೆಟ್ಟಿಗೆಗೆ ಬೀಗ, ಮಕ್ಕಳು ತೆರೆಯಬಾರದಲ್ಲ!

ಬೆಳಗಿನಿಂದ ಮಕ್ಕಳು ಶಿಕ್ಷೆಗೊಳಗಾದವರಂತೆ ಬಿರುಸಾಗಿ ನಡೆದರು, ಹಗ್ಗ ಹಿಡಿದು ಫೋಟೊಕ್ಕೆ ನಿಂತರು, ಬ್ರಷ್ ತೆಗೆದುಕೊಂಡರು. ದೊಡ್ಡವರು ನೆರಳಲ್ಲಿ ಕೂತು ಮೊಬೈಲ್ ತಿಕ್ಕುತ್ತ ಆಗಾಗ ಚಪ್ಪಾಳೆ ತಟ್ಟಿದರು. ಇವಳು ಎಲ್ಲರನ್ನೂ ನೋಡಿ ಮೂಗು ಮುರಿಯುತ್ತ ಕೂತಿದ್ದಳು. ಕಣ್ಣಾಮುಚ್ಚಾಲೆ ಶುರುವಾಯಿತು. ಹುಡುಕುವವನು ಹುಷಾರಪ್ಪನೇ. ಅವನು ಗೋಡೆಗೆ ಮುಖಮಾಡಿ ಎಣಿಸತೊಡಗಿದ. ಮಕ್ಕಳು ತಮ್ಮ ತಮ್ಮ ಚೌಕದಲ್ಲಿ ಕಣ್ಣು ಮುಚ್ಚಿ ಕೂತರು. ಬಟಾಣಿ ಒಬ್ಬಳು ಕೂರಲಿಲ್ಲ. ಅತ್ತಿತ್ತ ನೋಡಿ, ಬಗ್ಗಿ ಓಡಿಬಂದು, ಗವಸು ಎತ್ತಿ ಅಮ್ಮನ ಕಾಲ ಬಳಿ ನುಸುಳಿಬಿಟ್ಟಳು.

ತಾಯಿಗೆ ನಗು ತಡೆಯಲಾಗಲಿಲ್ಲ. ಕೆಳಗಿನಿಂದ ಪುಟ್ಟ ಬೆರಳುಗಳು ಅವಳ ಕಾಲಿನ ಹೆಬ್ಬೆರಳನ್ನು ಚಿವುಟಿದವು. ಹೇಳಿಬಿಡಬೇಡ ಎನ್ನುತ್ತಿದ್ದಾಳೆ ಕಳ್ಳಿ ಎಂದುಕೊಂಡು, ಇವಳು ತುಟಿ ಬಿಗಿದು ಸೆಟೆದು ಕೂತಳು. ಮತ್ತೆ ಚಿವುಟು. ಇವಳು ಮಿಸುಕಲಿಲ್ಲ.

ಮಗಳ ಚೌಕ ಖಾಲಿ ಇದ್ದದ್ದನ್ನು ಕಂಡು ಹುಷಾರಪ್ಪನ ಮುಖ ಬಿಳಿಚಿಕೊಂಡಿತು. ಪೀಪಿ ಊದಿದ. "ಗೇಟ್ ಹಾಕ್ರೀ! ನೀರಿನ ತೊಟ್ಟಿ ನೋಡ್ರೀ!" ಎಂದು ಬಾಯಿ ಬಡಿದುಕೊಂಡ. ಓಡಬಾರದೆಂದು ತಾನೇ ಹಾಕಿಸಿದ ಫಲಕದ ಪಕ್ಕದಲ್ಲೇ ಎದ್ದುಬಿದ್ದು ಓಡಿದ. ಚಪ್ಪಲಿ ಒಂದು ಕಡೆ, ಕನ್ನಡಕ ಒಂದು ಕಡೆ. ಇವಳು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಓಡಲಿ, ಒಂದು ಸಲ ಬೆವರಲಿ, ಇಷ್ಟು ದಿನ ನಮ್ಮ ಜೀವ ತಿಂದಿದ್ದಕ್ಕೆ ಅನುಭವಿಸಲಿ ಎಂದು ಆರಾಮಾಗಿ ನೋಡುತ್ತ ಕೂತಳು. ನಾಳೆ ಗಿರಾಕಿಗಳಿಗೆ ಎಲ್ಲಿಂದ ಶುರುಮಾಡಲಿ ಎಂದೂ ಯೋಚಿಸಿದಳು.

ಅವನು ಮೇಜಿನ ಮುಂದೆಯೇ ಮುಗ್ಗರಿಸಿದ. ಮಂಡಿ ತರಚಿ ರಕ್ತ ಬಂತು.

"ಪೆಟ್ಟಿಗೆ ಬೀಗದ ಕೈ ಎಲ್ಲಿ?" ಎಂದರು ಡಾಕ್ಟರಮ್ಮ.

"ಮನೇಲಿ... ಮಕ್ಕಳ ಕೈಗೆ ಸಿಗಬಾರದು ಅಂತ..."

ಯಾರೋ ಕಿಸಕ್ಕೆಂದರು. ಅವನಿಗೆ ಅದು ಕೇಳಿಸಲೇ ಇಲ್ಲ. ನೆಲಕ್ಕೆ ಬಿದ್ದವನ ಕಣ್ಣಿಗೆ ಗವಸಿನ ಅಂಚಿನಲ್ಲಿ ಎರಡು ಪುಟ್ಟ ಪಾದ ಕಂಡವು. ಗವಸು ಎತ್ತಿದ. ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು, "ಸಿಕ್ಕಿಬಿಟ್ಟೆ ಕಣೋ ಬಟಾಣಿ" ಎಂದ, ಅಷ್ಟೆ.

"ಅಪ್ಪ ಹಿಡಿದ! ಅಪ್ಪ ಓಡಿ ಬಂದು ಹಿಡಿದ!" ಎಂದು ಹುಡುಗಿ ಕೇಕೆ ಹಾಕಿದಳು. ಅಂಥ ನಗು ತಿಂಗಳುಗಳಿಂದ ಆ ಮನೆಯಲ್ಲಿ ಕೇಳಿರಲಿಲ್ಲ. ಮಿಕ್ಕ ಮಕ್ಕಳೂ ಚೌಕ ಬಿಟ್ಟೆದ್ದು ಗುಲ್ಲೆಬ್ಬಿಸಿ ದಿಕ್ಕುದಿಕ್ಕಿಗೆ ಓಡಿದರು, ಹಳದಿ ಸುಣ್ಣವೆಲ್ಲ ಅವರ ಕಾಲಡಿ ಅಳಿಸಿಹೋಯಿತು. ಅವನು ಪೀಪಿ ಬಾಯಿಗಿಟ್ಟ, ಆಮೇಲೆ ಯಾಕೋ ಜೇಬಿಗೆ ಹಾಕಿಕೊಂಡ.

ಬಟಾಣಿ ಅಮ್ಮನ ಕಡೆ ತಿರುಗಿದಳು. "ಅಮ್ಮ, ಎರಡು ಸಲ ಚಿವುಟಿದ್ನಲ್ಲ, ಯಾಕೆ ಹಿಡೀಲಿಲ್ಲ?"

"ಅಪ್ಪಂಗೆ ಹೇಳಬೇಡ ಅಂತ ಚಿವುಟಿದ್ದಲ್ವೇನೇ?"

"ಇಲ್ಲಪ್ಪ. ನೀನು ಬಗ್ಗಿ ಹಿಡೀಲಿ ಅಂತ. ನಾನು ನಿನ್ನ ಹತ್ರಾನೇ ಬಂದು ಕೂತಿದ್ದೆ."

ತಾಯಿ ಕುರ್ಚಿಯಿಂದ ಅರ್ಧ ಎದ್ದಳು. "ಬಾ ಮತ್ತೆ, ಈಗ ನಾನು ಹುಡುಕ್ತೀನಿ."

"ಬೇಡಮ್ಮ, ನೀನು ಕೂತ್ಕೋ," ಎಂದಳು ಮಗಳು ಬಹಳ ಅಕ್ಕರೆಯಿಂದ. "ನಿಂಗೆ ನೋಡಿ ನಗೋದೇ ತಾನೆ ಇಷ್ಟ."

ಅಷ್ಟು ಹೇಳಿ ಕುಂಟುತ್ತಿದ್ದ ಅಪ್ಪನ ಕೈ ಹಿಡಿದು ಎಳೆದುಕೊಂಡು ಹೋದಳು.